ಒಳಪೊರೆ

ಚಾಮರಾಜಪೇಟೆ
9 ಜೂನ್ 2024, ಭಾನುವಾರ ಮಧ್ಯಾಹ್ನ

ಅತ್ತೆಯವರಿಗೆ,

ನಮಸ್ಕಾರ ಎಂದು ಬರೆದು ಐದು ನಿಮಿಷ ಸುಮ್ಮನೆ ಕೂತಿದ್ದೆ. ಮುಂದೆ "ನಾವೆಲ್ಲ ಕ್ಷೇಮ" ಎಂದು ಬರೆಯಬೇಕು. ಅದು ಸುಳ್ಳಾಗುತ್ತದೆ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ನೀವು ನಿಮ್ಮ ತಮ್ಮ ಶೀನಣ್ಣ ಮಾವನ ಮನೆಗೆ ಹೋಗಿ ಇವತ್ತಿಗೆ ಹದಿನೆಂಟು ದಿನ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದ ಒಂದು ಸಲ ನಾನೇ ಕಿರುಚಿದೆ, ನೀವು ಇಟ್ಟುಬಿಟ್ಟಿರಿ. ನಿಮ್ಮ ಮಗನ ಕೈಲಿ ಹೇಳಿಸೋಣವೆಂದರೆ ಅವರು ಅಂಚೆಯವನ ಕೆಲಸಕ್ಕೆ ತಯಾರು, ಬಾಯಿ ಬಿಡಲು ಮಾತ್ರ ತಯಾರಿಲ್ಲ. "ನೀವಿಬ್ರೂ ಏನಾದ್ರೂ ಮಾಡ್ಕೊಳಿ, ನಂಗೆ ಆಫೀಸಿದೆ" ಎನ್ನುತ್ತಾರೆ. ಅದಕ್ಕೇ ಈ ಕಾಗದ. ಮಲ್ಲೇಶ್ವರದ ಆಫೀಸಿಗೆ ಹೋಗುವಾಗ ವೈಯಾಲಿಕಾವಲ್‌ನಲ್ಲಿ ಕೊಟ್ಟು ಹೋಗುತ್ತಾರಂತೆ.

ಮೊದಲು ಜಗಳದ ಮಾತು. ಕಶ್ಯಪನಿಗೆ ಏಳು ತಿಂಗಳು. ಅವನಿಗೆ ಕೊಡಬೇಕಾದದ್ದು ನೀಲಿ ಮುಚ್ಚಳದ ವಿಟಮಿನ್ ಹನಿ. ನೀವು ಕೊಟ್ಟದ್ದು ಹಸಿರು ಮುಚ್ಚಳದ್ದು, ಧೃತಿಯ ಕೆಮ್ಮಿನ ಔಷಧ. ಮಗು ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಆಸ್ಪತ್ರೆಯಲ್ಲಿ ಆರು ಗಂಟೆ ಕೂತೆವು. ಏನೂ ಆಗಲಿಲ್ಲ, ಸರಿ. ಆದರೆ "ಇನ್ನು ಮೇಲೆ ನನ್ನ ಮಗೂನ ಮುಟ್ಟಬೇಡಿ" ಎಂದದ್ದಕ್ಕೆ ಕ್ಷಮೆ ಕೇಳುವ ಮನಸ್ಸು ನನಗಿನ್ನೂ ಬಂದಿಲ್ಲ. ಬಂದಾಗ ಕೇಳುತ್ತೇನೆ.

ಈಗ ಮುಖ್ಯವಾದದ್ದು. ಧೃತಿಗೆ ಮೂರನೇ ಸಲ ಕನ್ನಡಕ ಬದಲಾಯಿಸಿದ್ದಾಯಿತು. ಒಂದನೇ ತರಗತಿಯ ಮಗುವಿಗೆ ಮುಂದಿನ ಬೆಂಚಿನಲ್ಲಿ ಕೂತರೂ ಬೋರ್ಡು ಕಾಣುವುದಿಲ್ಲ. ಹೊಸ ಡಾಕ್ಟರು ಕಣ್ಣಿನ ಒಳಗೆ ಬೆಳಕು ಬಿಟ್ಟು ನೋಡಿ, ಮಿದುಳಿಗೆ ಹೋಗುವ ದೃಷ್ಟಿನರ ಎರಡೂ ಕಡೆ ಬಿಳಿಚಿಕೊಂಡಿದೆ ಎಂದರು. ಕನ್ನಡಕದಿಂದ ಸರಿಹೋಗುವಂಥದ್ದಲ್ಲವಂತೆ. ಅವಳ ರಕ್ತ, ನಮ್ಮಿಬ್ಬರ ರಕ್ತ ಜೀನ್ ಪರೀಕ್ಷೆಗೆ ಹೋಗಿದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಮನೆತನದಲ್ಲಿ ಯಾರಿಗಾದರೂ ಚಿಕ್ಕಂದಿನಿಂದ ಕಣ್ಣು ಮಂದವಿತ್ತೇ ಎಂದು. ನನ್ನ ತಾಯಿಯ ಕಡೆ, ತಂದೆಯ ಕಡೆ ಎಲ್ಲ ವಿಚಾರಿಸಿದೆ. ಇಲ್ಲ. ನಿಮ್ಮ ಕಡೆಯದು ನಿಮಗೇ ಗೊತ್ತಿರಬೇಕು. ಕೋಪ ಎಷ್ಟಾದರೂ ಇಟ್ಟುಕೊಳ್ಳಿ. ಇದಕ್ಕೊಂದು ಉತ್ತರ ಕೊಡಿ.

ನಿದ್ದೆಗೆಟ್ಟಿರುವ
ಬಿಂದು

ವೈಯಾಲಿಕಾವಲ್
13 ಜೂನ್ 2024

ಬಿಂದುವಿಗೆ,

ಆಶೀರ್ವಾದ ಇದ್ದೇ ಇದೆ. ಕೋಪ ಬಂತೆಂದು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಕೈ ನಡುಗುತ್ತದೆ, ಆದ್ದರಿಂದ ಶೀನನಿಂದ ಬರೆಸುತ್ತಿದ್ದೇನೆ. (ಅಕ್ಕ ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತಿದ್ದೇನೆ. ಕಂಸದ ಒಳಗೆ ಬಂದರೆ ಅದು ನನ್ನದು. ಶೀನಣ್ಣ.)

ನಮ್ಮ ಮನೆತನದಲ್ಲಿ ಎಲ್ಲರ ಕಣ್ಣೂ ನೆಟ್ಟಗಿತ್ತು. ನಮ್ಮ ತಂದೆ ಎಂಬತ್ತೊಂದು ವರ್ಷ ಬದುಕಿದರು. ಕೊನೆಯವರೆಗೂ ಪೌರೋಹಿತ್ಯ ಮಾಡಿದರು. ಒಂದು ದಿನ ಕನ್ನಡಕ ಹಾಕಲಿಲ್ಲ. (ಹಾಕಲಿಲ್ಲ, ಅದು ನಿಜ.)

ನೀನು ಎಂ.ಎಸ್ಸಿ. ಓದಿದವಳು. ನಾನು ಬರೀ ಬಿ.ಎಸ್ಸಿ., ಬಿ.ಎಡ್. ಆದರೂ ಮೂವತ್ತನಾಲ್ಕು ವರ್ಷ ಹೈಸ್ಕೂಲಿನ ಮಕ್ಕಳಿಗೆ ಜೀವಶಾಸ್ತ್ರ ಹೇಳಿದ್ದೇನೆ. ಡಾಕ್ಟರು ಮೈಟೊಕಾಂಡ್ರಿಯದ ದೋಷವಿರಬಹುದು ಎಂದರೆಂದು ಕಾಗದ ತಂದುಕೊಟ್ಟ ಮಗ ಮಧು ಹೇಳಿದ. ಮೈಟೊಕಾಂಡ್ರಿಯ ಬರುವುದು ತಾಯಿಯ ಅಂಡದಿಂದ. ತಂದೆಯಿಂದ ಬರುವುದಿಲ್ಲ. ಇದು ನಾನು ಕಟ್ಟಿದ ಮಾತಲ್ಲ, ವಿಜ್ಞಾನ. ಹಾಗಿರುವಾಗ ನನ್ನ ಕಡೆಯವರನ್ನು ಕೆದಕಿ ಏನು ಸಿಗುತ್ತದೆ? ನಿನ್ನ ತಾಯಿಯ ತಾಯಿಯನ್ನು ಕೇಳು.

ಮಗುವಿಗೆ ಊಟ ಮಾಡಿಸುವಾಗ ಮೊಬೈಲು ಕೊಡುವುದನ್ನು ನಿಲ್ಲಿಸು. ವಾರಕ್ಕೆ ಎರಡು ಸಲ ಹೊನಗನ್ನೆ ಸೊಪ್ಪಿನ ಪಲ್ಯ ಮಾಡು.

ಔಷಧದ ವಿಷಯ ಮಾತಾಡುವುದಿಲ್ಲ. ತಪ್ಪಾಯಿತು, ಅಷ್ಟೆ. (ಆವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಈ ಸಾಲು ಹೊಡೆದುಹಾಕು ಎಂದಳು. ಹೊಡೆದುಹಾಕಿದೆ ಎಂದು ಹೇಳಿದ್ದೇನೆ.)

ತ್ರಿಪುರಸುಂದರಿ

ಚಾಮರಾಜಪೇಟೆ
7 ಜುಲೈ 2024

ಅತ್ತೆಯವರಿಗೆ,

ಮೂರು ವಾರದಲ್ಲಿ ನಾಲ್ಕು ಕಾಗದ ಬರೆದು ನಾಲ್ಕನ್ನೂ ಹರಿದೆ. ಈಗ ರಿಪೋರ್ಟ್ ಬಂದಿದೆ, ಹರಿಯುವ ಹಾಗಿಲ್ಲ. ಕಶ್ಯಪ ಮಲಗಿದ್ದಾನೆ. ಎಷ್ಟು ನಿಮಿಷವೋ ಗೊತ್ತಿಲ್ಲ, ಬೇಗ ಬರೆಯುತ್ತೇನೆ.

ನೀವು ಪಾಠ ಮಾಡಿದ ಮೈಟೊಕಾಂಡ್ರಿಯ ನನಗೂ ಗೊತ್ತು. ಹುರುಳಿಕಾಯಿ ಬೀಜದ ಆಕಾರ, ಒಳಗೆ ಮಡಿಕೆ, ಪಕ್ಕದಲ್ಲೊಂದು ಬಾಣ, "ಜೀವಕೋಶದ ಶಕ್ತಿಕೇಂದ್ರ", ಎರಡು ಅಂಕ. ನಾನೂ ಹಾಗೇ ಬರೆದು ಪಾಸಾದವಳು. ಜೀವಂತ ಕೋಶದಲ್ಲಿ ಅವು ಹಾಗೆ ಬೀಜದಂತೆ ಬಿದ್ದಿರುವುದಿಲ್ಲ. ಎಳೆಗಳಾಗಿ ಓಡಾಡುತ್ತಿರುತ್ತವೆ. ಒಂದರ ತುದಿ ಇನ್ನೊಂದಕ್ಕೆ ತಗಲುತ್ತದೆ. ಮೊದಲು ಹೊರಪೊರೆಗಳು ಕೂಡುತ್ತವೆ, ಆಮೇಲೆ ಒಳಪೊರೆಗಳು. ಎರಡಿದ್ದದ್ದು ಒಂದಾಗಿ ಒಳಗಿರುವುದೆಲ್ಲ ಬೆರೆಯುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಎಳೆ ನಡುವೆ ಸಣ್ಣಗಾಗಿ ಮತ್ತೆ ಎರಡಾಗುತ್ತದೆ. ದಿನವಿಡೀ ಇದೇ ಕೆಲಸ. ಕೂಡಿದಾಗ, ಸವೆದುಹೋದದ್ದಕ್ಕೆ ಬೇಕಾದದ್ದು ಗಟ್ಟಿಯಿರುವುದರಿಂದ ಸಿಗುತ್ತದೆ. ಒಡೆದಾಗ, ಇನ್ನು ರಿಪೇರಿಯಾಗದ ತುಂಡು ಬೇರೆಯಾಗಿ ಹೋಗುತ್ತದೆ, ಕೋಶ ಅದನ್ನು ಅರಗಿಸಿಕೊಳ್ಳುತ್ತದೆ. ಕೂಡುವುದು ಕೆಟ್ಟರೆ ಅವು ಚೂರುಚೂರಾಗಿಯೇ ಉಳಿಯುತ್ತವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ, ಶಕ್ತಿ ಸಾಲುವುದಿಲ್ಲ. ಬಹಳ ಶಕ್ತಿ ಬೇಡುವ ದೃಷ್ಟಿನರದ ಕೋಶಗಳು ಮೊದಲು ಸೋಲುತ್ತವೆ. ಇದನ್ನು ಓದಿ ಇವಳು ನಮ್ಮ ಮನೆಯ ಮೇಲೆ ಕಥೆ ಕಟ್ಟುತ್ತಿದ್ದಾಳೆ ಎಂದುಕೊಳ್ಳಬೇಡಿ. ನನಗೆ ಅಷ್ಟು ಪುರುಸೊತ್ತಿಲ್ಲ. ನಿಮ್ಮ ಮೊಮ್ಮಗಳ ಕಣ್ಣಿನ ವಿಷಯವನ್ನೇ ಹೇಳುತ್ತಿದ್ದೇನೆ.

ಮೈಟೊಕಾಂಡ್ರಿಯ ತಾಯಿಯಿಂದ ಬರುವುದು ನಿಜ. ಅದರೊಳಗೆ ಅದರದೇ ಒಂದು ಚೂರು ಡಿಎನ್‌ಎ ಇರುವುದೂ ನಿಜ. ಆದರೆ ಒಳಪೊರೆಗಳನ್ನು ಕೂಡಿಸುವ ಪ್ರೋಟೀನಿನ ಜೀನ್ ಅಲ್ಲಿಲ್ಲ. ಅದು ಕೋಶಕೇಂದ್ರದಲ್ಲಿದೆ, ಮೂರನೇ ವರ್ಣತಂತುವಿನಲ್ಲಿ. ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು. ಧೃತಿಯಲ್ಲಿ ಆ ಜೀನಿನ ಒಂದು ಅಕ್ಷರ ಬದಲಾಗಿದೆ. ನನ್ನಲ್ಲಿ ಆ ಬದಲಾವಣೆ ಇಲ್ಲ. ನಿಮ್ಮ ಮಗನಲ್ಲಿ ಇದೆ.

ಗೆದ್ದೆನೆಂದು ಇದನ್ನು ಬರೆಯುತ್ತಿಲ್ಲ. ತೊಡಕಿರುವುದೇ ಇಲ್ಲಿ. ಈ ಬದಲಾವಣೆಯನ್ನು ಇದುವರೆಗೆ ಬೇರೆ ಯಾರಲ್ಲೂ ಕಂಡಿಲ್ಲವಂತೆ. ಇದು ತಪ್ಪಿತಸ್ಥನೋ, ಸುಮ್ಮನೆ ದಾರಿಯಲ್ಲಿ ನಿಂತಿದ್ದವನೋ ಗೊತ್ತಿಲ್ಲ. ಅದಿದ್ದೂ ನಿಮ್ಮ ಮಗನ ಕಣ್ಣು ಹೆಚ್ಚುಕಡಿಮೆ ಚೆನ್ನಾಗಿದೆ, ನೀಲಿ ಸೀರೆಯನ್ನು ಹಸಿರು ಎಂದು ವಾದಿಸುವುದೊಂದು ಬಿಟ್ಟರೆ. ಕೆಲವರಲ್ಲಿ ಇದ್ದೂ ತೋರುವುದಿಲ್ಲವಂತೆ. ಮನೆತನದಲ್ಲಿ ಕಣ್ಣು ಮಂದವಿರುವ ಇನ್ನೊಬ್ಬರಲ್ಲಿ ಇದೇ ಅಕ್ಷರ ಸಿಕ್ಕರೆ ಕಾರಣ ಇದೇ ಎನ್ನಬಹುದು. ಸಿಗದಿದ್ದರೆ ಬೇರೆ ಕಾರಣ ಹುಡುಕಬೇಕು. ಅದಕ್ಕೆ ಆಗಸ್ಟ್ ಎರಡನೇ ತಾರೀಖು ಕೊಟ್ಟಿದ್ದಾರೆ. ಆರು ವರ್ಷದ ಮಗುವಿಗೆ ಅರಿವಳಿಕೆ ಕೊಟ್ಟು ತಲೆಯ ಸ್ಕ್ಯಾನ್, ಆಮೇಲೆ ಬೆನ್ನುಮೂಳೆಗೆ ಸೂಜಿ ಹಾಕಿ ನೀರು ತೆಗೆಯುವುದು.

ಒಂದು ಸಲ ಬಂದು ಡಾಕ್ಟರಿಗೆ ಕಣ್ಣು ತೋರಿಸಿ, ಸ್ವಲ್ಪ ರಕ್ತ ಕೊಟ್ಟು ಹೋಗಿ. ಬೇಕಾದರೆ ನನ್ನ ಜೊತೆ ಮಾತಾಡಬೇಡಿ.

ಬಿಂದು

ವೈಯಾಲಿಕಾವಲ್
11 ಜುಲೈ 2024

ಬಿಂದುವಿಗೆ,

ನನ್ನ ಕಣ್ಣು ಚೆನ್ನಾಗಿದೆ. ರಕ್ತ ಕೊಡುವುದಿಲ್ಲ. ಮಧುವಿನಲ್ಲಿ ಅದಿದೆ, ಅವನ ಕಣ್ಣೂ ಚೆನ್ನಾಗಿದೆ ಎಂದು ನೀನೇ ಬರೆದಿದ್ದೀಯ. ಅಲ್ಲಿಗೆ ಲೆಕ್ಕ ಮುಗಿಯಿತು. ಮಗುವಿನ ಬೆನ್ನಿಗೆ ಸೂಜಿ ಹಾಕಿಸಬೇಡ. ಬೇರೆ ಡಾಕ್ಟರನ್ನು ನೋಡು.

(ನಿನ್ನ ಕಾಗದವನ್ನು ನನ್ನಿಂದ ನಾಲ್ಕು ಸಲ ಓದಿಸಿಕೊಂಡಳು. ಸೂಜಿಯ ಸಾಲು ಬಂದಾಗಲೆಲ್ಲ ಎದ್ದು ನೀರು ಕುಡಿದು ಬಂದಳು.)

ತ್ರಿಪುರಸುಂದರಿ

ಚಾಮರಾಜಪೇಟೆ
16 ಜುಲೈ 2024

ಅತ್ತೆಯವರಿಗೆ,

ನಿನ್ನೆ ಸ್ಕೂಲ್ ಗೇಟಿನಲ್ಲಿ ಧೃತಿಯ ಕ್ಲಾಸಿನ ಹುಡುಗಿಯೊಬ್ಬಳ ಅಮ್ಮ ಮಾತಿಗೆ ಸಿಕ್ಕರು. ಸಂಧ್ಯಾ ಎಂದು ಹೆಸರು. ಎಂಟನೇ ತರಗತಿಯಲ್ಲಿ ನಿಮ್ಮ ವಿದ್ಯಾರ್ಥಿನಿಯಂತೆ.

"ತ್ರಿಪುರಸುಂದರಿ ಮಿಸ್ ಸೊಸೇನಾ ನೀವು? ಅವ್ರು ಒಂದಿನಾನೂ ಪುಸ್ತಕ ಬಿಚ್ಚಿದ್ದು ನಾನ್ ನೋಡಿಲ್ಲ ಕಣ್ರೀ. ಎಲ್ಲಾ ಬಾಯಲ್ಲೇ. ಪುಟದ ನಂಬರ್ ಸಮೇತ ಹೇಳೋರು."

"ಮತ್ತೆ ನೋಟ್ಸ್ ತಿದ್ದೋದು?"

"ನಮ್ ಕೈಲೇ ಗಟ್ಟಿಯಾಗಿ ಓದಿಸ್ತಿದ್ರು. ತಪ್ಪಿದ್ರೆ ಅಲ್ಲೇ ಹಿಡಿಯೋರು. ಹಾಜರಿ ಲೀಡರ್ ಕೂಗೋಳು. ಕೊನೇ ಬೆಂಚಲ್ಲಿ ಕೂತು ನಾವು ಪುಳಿಯೋಗರೆ ತಿಂತಿದ್ರೂ ಏನೂ ಅಂತಿರ್ಲಿಲ್ಲ. ತುಂಬಾ ಒಳ್ಳೇವ್ರು."

ಒಳ್ಳೆಯವರು ಹೌದು. ಆದರೆ ನಿಮಗೆ ಕೊನೆಯ ಬೆಂಚು ಕಾಣುತ್ತಿರಲಿಲ್ಲ. ಅಲ್ಲವೇ?

ಎಂಟು ವರ್ಷ ಒಂದೇ ಮನೆಯಲ್ಲಿದ್ದೇವೆ. ಬಸ್ಸಿನ ನಂಬರನ್ನು ಪಕ್ಕದವರನ್ನು ಕೇಳುತ್ತೀರಿ, ನಾನು ಅದನ್ನು ಮಾತಿನ ಚಪಲ ಎಂದುಕೊಂಡಿದ್ದೆ. ಮದುವೆ ಮನೆಯಲ್ಲಿ ಯಾರಾದರೂ ಮಾತಾಡಿಸುವವರೆಗೆ ನೀವು ಮಾತಾಡಿಸುವುದಿಲ್ಲ, ಅದನ್ನು ಜಂಬ ಎಂದುಕೊಂಡಿದ್ದೆ. ಅಕ್ಕಿ ಆರಿಸುವುದನ್ನು ನನಗೇ ಬಿಡುತ್ತೀರಿ, ಅದನ್ನು ಅತ್ತೆತನ ಎಂದುಕೊಂಡಿದ್ದೆ. ನಿಮ್ಮ ಮೇಲೆ ಎಂಟು ವರ್ಷ ಮಾಡಿಕೊಂಡ ಕೋಪವನ್ನೆಲ್ಲ ಈಗ ಕೂತು ಒಂದೊಂದಾಗಿ ವಾಪಸ್ ತೆಗೆದುಕೊಳ್ಳಬೇಕಾಗಿದೆ. ಅದಕ್ಕೂ ನನಗೆ ಪುರುಸೊತ್ತಿಲ್ಲ.

ಆ ಎರಡು ಬಾಟಲಿ. "ನಂಗೆ ನೀಲಿ, ಹಸಿರು ಒಂದೇ ತರ ಕಾಣತ್ತೆ" ಎಂದು ನೀವು ಒಂದು ಮಾತು ಹೇಳಿದ್ದರೆ ಒಂದಕ್ಕೆ ರಬ್ಬರ್ ಬ್ಯಾಂಡ್ ಹಾಕಿಡುತ್ತಿದ್ದೆ. ಒಂದು ರಬ್ಬರ್ ಬ್ಯಾಂಡ್, ಅತ್ತೆ. ಅಷ್ಟರಲ್ಲಿ ಮುಗಿಯುತ್ತಿತ್ತು. ಕ್ಷಮೆ ಕೇಳುವ ಮನಸ್ಸು ಈಗ ಬಂದಿದೆ, ಕೇಳುತ್ತಿದ್ದೇನೆ. ಕೋಪವೂ ಅದರ ಜೊತೆಗೇ ಬಂದಿದೆ, ಅದನ್ನೂ ಕಳಿಸುತ್ತಿದ್ದೇನೆ.

ಇನ್ನು ಹದಿನೇಳು ದಿನ ಇದೆ. ನೀವು ಒಂದು ಮಾತು ಹೇಳುವುದರ ಬದಲಿಗೆ ಅವಳ ಬೆನ್ನಿಗೆ ಸೂಜಿ ಹೋಗುತ್ತದೆ. ಯೋಚನೆ ಮಾಡಿ.

ಬಿಂದು

ವೈಯಾಲಿಕಾವಲ್
21 ಜುಲೈ 2024

ಬಿಂದುವಿಗೆ,

ನಿನ್ನ ಕಾಗದ ಓದಿ ಮುಗಿಸಿ ಶೀನ ಕಾಫಿ ಮಾಡಲು ಎದ್ದು ಹೋದ. (ಅವಳ ಲೋಟ ಹಾಗೇ ಆರಿತು.) ನಡುಗುವ ಕೈಯ ವಿಷಯ ಸುಳ್ಳು. ಕೈ ಗಟ್ಟಿಯಾಗಿದೆ.

ಸಾವಿರದ ಒಂಬೈನೂರ ಎಪ್ಪತ್ತೆಂಟು. ಆಗ ನಾವು ನಗರ್ತಪೇಟೆಯ ಓಣಿಯ ಮನೆಯಲ್ಲಿದ್ದೆವು. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನಡೆಸುತ್ತಿದ್ದರು, ಹಾಡಿಸುತ್ತಿದ್ದರು, ಕೊನೆಗೆ ಪತ್ರಿಕೆ ಕೊಟ್ಟು ಓದಮ್ಮ ಎನ್ನುತ್ತಿದ್ದರು. ವಿದ್ಯೆ ನೋಡುವುದಕ್ಕೆ ಎಂದು ಹೇಳುತ್ತಿದ್ದರು, ನೋಡುತ್ತಿದ್ದುದು ಕಣ್ಣು. ಮೂಗಿಗೆ ತಾಗಿಸಿ ಹಿಡಿದರೆ ನನಗೆ ಓದಲು ಬರುತ್ತಿತ್ತು. ಹಾಗೆ ಓದಿಯೇ ಬಿ.ಎಸ್ಸಿ. ಮಾಡಿದ್ದೆ. ಹಾಗೆ ಹಿಡಿದು ಎರಡು ಸಂಬಂಧ ತಪ್ಪಿದ್ದವು. ಮೂರನೆಯದಕ್ಕೆ ಶೀನ ಉಪಾಯ ಮಾಡಿದ. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಮೊದಲ ಪುಟವನ್ನು ನನಗೆ ಬಾಯಿಪಾಠ ಮಾಡಿಸಿದ. ನಾಲ್ಕು ಸುದ್ದಿ. (ಐದು.) ನಾಲ್ಕು. (ಐದನೆಯದು ಹವಾಮಾನ. ಮರೆತಿದ್ದಾಳೆ.)

ಮಧ್ಯಾಹ್ನ ಅವರು ಬಂದರು. ನಮ್ಮ ಪತ್ರಿಕೆ ಮೇಜಿನ ಮೇಲೆ ತಯಾರಾಗಿತ್ತು. ಆದರೆ ನಿನ್ನ ಮಾವನವರ ಸೋದರತ್ತೆ ತಮ್ಮ ಚೀಲದಿಂದ ಒಂದು ಪತ್ರಿಕೆ ತೆಗೆದು ನನ್ನ ಕೈಗಿಟ್ಟರು. ಅದು ಬೇರೆಯದು ಎಂದು ನನಗೆ ಗೊತ್ತಾಗಲಿಲ್ಲ. ತೋಳು ಚಾಚಿ ಹಿಡಿದು "ಸಕ್ಕರೆ ಬೆಲೆ ಮತ್ತೆ ಏರಿಕೆ" ಎಂದು ಶುರು ಮಾಡಿದೆ. (ನಾನು ಬಾಗಿಲ ಹಿಂದೆ ನಿಂತಿದ್ದೆ. ಅವರು ಕೊಟ್ಟದ್ದು ಯಾವುದೋ ಹಳೆಯ ವಾರಪತ್ರಿಕೆ. ಅದರಲ್ಲಿ ಸಕ್ಕರೆಯೂ ಇರಲಿಲ್ಲ, ಬೆಲೆಯೂ ಇರಲಿಲ್ಲ.) ಸೋದರತ್ತೆಗೆ ಓದು ಬರುತ್ತಿರಲಿಲ್ಲ, ತಲೆದೂಗುತ್ತಿದ್ದರು. ನಿನ್ನ ಮಾವನವರು ಪಕ್ಕದ ಕುರ್ಚಿಯಲ್ಲಿದ್ದರು. ಎರಡು ಸುದ್ದಿ ಆಗುವಷ್ಟರಲ್ಲಿ ಕೈ ಚಾಚಿ ಪತ್ರಿಕೆ ತೆಗೆದುಕೊಂಡು ಮಡಿಸಿ, "ಸಾಕು, ಚೆನ್ನಾಗಿ ಓದ್ತಾರೆ" ಎಂದರು.

ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ಅವರು ಹೋಗುವವರೆಗೆ ನಲವತ್ತೊಂದು ವರ್ಷ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ದಿನಾ ಕಾಫಿ ಕುಡಿಯುತ್ತಾ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು, ನೀನೂ ಕೇಳಿದ್ದೀಯ. ಅದು ಅವರ ಅಭ್ಯಾಸ ಎಂದುಕೊಂಡಿದ್ದೆ.

ನಮ್ಮ ತಂದೆಗೂ ಹೀಗೇ ಇತ್ತು. ಪುರೋಹಿತರಿಗೆ ಎಲ್ಲ ಕಂಠಪಾಠ, ಯಾರಿಗೂ ತಿಳಿಯಲಿಲ್ಲ. ಮಧು ಚಿಕ್ಕವನಿದ್ದಾಗ ತಾರಸಿಗೆ ಕರೆದುಕೊಂಡು ಹೋಗಿ "ಗಾಳಿಪಟ ಎಷ್ಟಿವೆ, ಎಣಿಸು" ಎನ್ನುತ್ತಿದ್ದೆ. ಏಳು ಎನ್ನುತ್ತಿದ್ದ. ಅದು ಸರಿಯೋ ತಪ್ಪೋ ನೋಡಲು ನನಗೆ ಕಣ್ಣಿರಲಿಲ್ಲ. ಶೀನನನ್ನು ಕರೆಸಿ ಎಣಿಸು ಎಂದೆ. ಏಳೇ ಎಂದ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮಗನನ್ನು ದಾಟಿ ಮೊಮ್ಮಗಳಲ್ಲಿ ಏಳುತ್ತದೆ ಎಂದು ನಾನು ಹೇಳಿಕೊಟ್ಟ ಯಾವ ಪಾಠದಲ್ಲೂ ಇರಲಿಲ್ಲ.

ಮಧುಗೆ ನೀನೇ ಹೇಳು. ನನ್ನ ಬಾಯಲ್ಲಿ ಬರುವುದಿಲ್ಲ. ನಾಳೆ ಬೆಳಿಗ್ಗೆ ಆಟೋದಲ್ಲಿ ಬರುತ್ತೇನೆ.

ತ್ರಿಪುರಸುಂದರಿ

ಚಾಮರಾಜಪೇಟೆ
15 ಸೆಪ್ಟೆಂಬರ್ 2024

ಶೀನಣ್ಣ ಮಾವನಿಗೆ,

ಫೋನಿನಲ್ಲಿ ಹೇಳಲು ಹೊರಟರೆ ಅತ್ತೆ ಪಕ್ಕದಲ್ಲಿ ನಿಂತು ತಿದ್ದುತ್ತಾರೆ. ಅದಕ್ಕೇ ನಿಮಗೂ ಕಾಗದ.

ರಕ್ತದ ಫಲಿತಾಂಶ ಬಂತು. ಅತ್ತೆಯಲ್ಲಿ ಅದೇ ಜೀನ್, ಅದೇ ಅಕ್ಷರ. ಕಾರಣ ಇದೇ ಎಂದು ಡಾಕ್ಟರು ಈಗ ಬರೆದುಕೊಟ್ಟಿದ್ದಾರೆ. ಸ್ಕ್ಯಾನು, ಸೂಜಿಯನ್ನು ಅವರು ಜುಲೈನಲ್ಲೇ, ಅತ್ತೆಯ ಕಣ್ಣು ನೋಡಿದ ದಿನವೇ ನಿಲ್ಲಿಸಿದ್ದರು. ಅವತ್ತು ಚಾರ್ಟ್ ಓದಿ ಎಂದಾಗ ಅತ್ತೆ, "ಮೇಲಿನದೊಂದು ಕಾಣತ್ತೆ. ಮಿಕ್ಕಿದ್ದು ಇಲ್ಲ" ಎಂದರು. ನಿಮ್ಮ ಸೋದರಳಿಯ ಎದ್ದು ಹೊರಗೆ ಹೋದರು. ಬರುವಾಗ ಮುಖ ತೊಳೆದುಕೊಂಡು ಬಂದರು.

ಔಷಧ ಇಲ್ಲ. ಇನ್ನಷ್ಟು ಮಂಕಾಗಬಹುದು, ಆಗದೆಯೂ ಇರಬಹುದು ಎನ್ನುತ್ತಾರೆ. ಕಶ್ಯಪನಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಈ ಬಹುದುಗಳ ನಡುವೆ ನಾನು ಅಡುಗೆ ಮಾಡುತ್ತಿದ್ದೇನೆ.

ನಿನ್ನೆ ಆದದ್ದು ಹೇಳಬೇಕು. ಮಧ್ಯಾಹ್ನ ಧೃತಿ ಜಗಲಿಯಲ್ಲಿ ಕೂತು "ಆನೆ ಕೆರೆಗೆ ಹೋಯಿತು. ನೀರು ಕುಡಿಯಿತು" ಎಂದು ಒಂದು ಪಾಠವನ್ನು ಪೂರ್ತಿ ಓದಿದಳು, ಎಲ್ಲೂ ತಡವರಿಸಲಿಲ್ಲ. ನನಗೆ ಸಂತೋಷವಾಗಿ ಹತ್ತಿರ ಹೋದೆ. ಪಾಠ ಹಾಳೆಯ ಎರಡೂ ಮಗ್ಗುಲಲ್ಲಿತ್ತು. ಅವಳು ಪುಟ ತಿರುಗಿಸಿರಲಿಲ್ಲ.

"ಯಾರ್ ಹೇಳ್ಕೊಟ್ರು?"

"ಅಜ್ಜಿ. ಮಿಸ್ ಓದು ಅಂದ್ರೆ ಹಿಂಗೆ ಕೈ ಉದ್ದ ಮಾಡಿ ಹಿಡ್ಕೋಬೇಕಂತೆ. ಆಗ ಯಾರಿಗೂ ಗೊತ್ತಾಗಲ್ವಂತೆ."

ಅತ್ತೆ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ನಾನು ಈ ಸಲ ಕಿರುಚಲಿಲ್ಲ, ಅದನ್ನು ನೀವು ದಯವಿಟ್ಟು ಗಮನಿಸಬೇಕು.

"ಅತ್ತೆ, ಆ ಜೀನನ್ನ ನೀವು ಗೊತ್ತಿಲ್ದೆ ಕೊಟ್ರಿ. ಇದನ್ನ ಗೊತ್ತಿದ್ದೂ ಕೊಡಬೇಡಿ."

"ನಾನು ಹಂಗೇ ಬದುಕಲಿಲ್ವಾ? ಮೂವತ್ನಾಕು ವರ್ಷ ಕೆಲಸ ಮಾಡಲಿಲ್ವಾ?"

"ಮಾಡಿದ್ರಿ. ಅಷ್ಟು ವರ್ಷದಲ್ಲಿ ನಿಮ್ಮ ಹತ್ರ ಒಂದು ದೀಪ ತಂದಿಟ್ಟೋರು ಯಾರು ಹೇಳಿ. ಇಡಬೇಕು ಅಂತ ಯಾರಿಗೂ ಗೊತ್ತೇ ಇರ್ಲಿಲ್ಲ."

ಅವರು ಕಟ್ಟು ಮುಗಿಯುವವರೆಗೆ ಸೊಪ್ಪು ಬಿಡಿಸಿದರು. ಆಮೇಲೆ ಮೇಷ್ಟರ ಗಂಟಲು ತೆಗೆದರು.

"ಧೃತಿ, ಪುಸ್ತಕ ಅಲ್ಲಿಡು. ಇಲ್ಲಿ ಬಂದು ನಿಂತ್ಕೋ. ಸೋಮವಾರ ಮಿಸ್ ಓದು ಅಂದ್ರೆ ಏನಂತೀಯ?"

"ಆನೆ ಕೆರೆಗೆ..."

"ಅಲ್ಲ. 'ಮಿಸ್, ನಂಗೆ ಇಷ್ಟು ಸಣ್ಣ ಅಕ್ಷರ ಕಾಣಲ್ಲ, ದೊಡ್ಡದಾಗಿ ಬರ್ಕೊಡಿ.' ಹೇಳು."

ಮಗು ಪಿಸುಗುಟ್ಟಿತು.

"ಕೊನೇ ಬೆಂಚಿಗೆ ಕೇಳಿಸಲಿಲ್ಲ."

ಮತ್ತೆ ಹೇಳಿದಳು. ಮೂರನೇ ಸಲ ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ, ನಮ್ಮ ಬೀದಿಗೆ ತರಕಾರಿ ಗಾಡಿ ತರುವ ಲಕ್ಕಮ್ಮ ಗೇಟಿನ ಹತ್ತಿರ ಗಾಡಿ ನಿಲ್ಲಿಸಿದಳು.

"ಏನ್ ಕಾಣಲ್ಲ ಅಂತೈತೆ ಮಗಾ?"

ನಾನು ಅತ್ತೆಯ ಮುಖ ನೋಡಿದೆ. ಈಗ ಮಾತು ತಿರುಗಿಸುತ್ತಾರೆ, ಬೀನ್ಸ್ ಹೆಂಗೆ ಎನ್ನುತ್ತಾರೆ ಎಂದುಕೊಂಡೆ. ಅತ್ತೆ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಎದ್ದರು.

"ಕಣ್ಣು, ಲಕ್ಕಮ್ಮ. ಇವಳಿಗೂ ಕಾಣಲ್ಲ, ನಂಗೂ ಕಾಣಲ್ಲ. ಮೊದಲಿಂದಾನೂ."

"ಅಯ್ಯ, ನಿಮ್ದು ನಂಗೆ ಗೊತ್ತಿಲ್ವಾ? ಅದಕ್ಕೇ ಅಲ್ವಾ ಬದ್ನೆಕಾಯಿ ನಾನೇ ಆರ್ಸಿ ಹಾಕ್ತಿದ್ದಿದ್ದು? ಇಪ್ಪತ್ ವರ್ಸದಾಗೆ ಹುಳುಕು ಒಂದಾದ್ರೂ ಬಂದೈತಾ ಹೇಳಿ."

"ಗೊತ್ತಿದ್ದೂ ಒಂದು ಮಾತು ಹೇಳ್ಲಿಲ್ವಲ್ಲೇ?"

"ನೀವ್ ಮುಚ್ಚಿಟ್ಕೊಂಡಿದ್ರಿ. ನಾನ್ಯಾಕ್ ಬಿಚ್ಲಿ?"

ಚಾಮರಾಜಪೇಟೆಯಲ್ಲಿ ಇದು ಗೊತ್ತಿಲ್ಲದವಳು ಎಂ.ಎಸ್ಸಿ. ಮಾಡಿದ ನಾನೊಬ್ಬಳೇ ಇರಬೇಕು. ಅತ್ತೆ ಗೇಟಿನ ಸರಳು ಹಿಡಿದು ನಿಂತೇ ಇದ್ದರು. ಲಕ್ಕಮ್ಮ ತಕ್ಕಡಿ ಹಿಡಿದು ಕಾದಳು, ಆಮೇಲೆ ಅವಳೂ ತಕ್ಕಡಿ ಕೆಳಗಿಟ್ಟಳು. ಧೃತಿ ಬಂದು ಅಜ್ಜಿಯ ಸೆರಗು ಎಳೆದಳು.

"ಅಜ್ಜಿ, ಈಗ ಕೊನೇ ಬೆಂಚಿಗೆ ಕೇಳಿಸ್ತಾ?"

"ಕೇಳಿಸ್ತು" ಎಂದರು.

ನಿಮ್ಮ
ಬಿಂದು